ನೀಲಿಯ ‘ಇ’ ಮರೆಯಾದ ಮೇಲೆ

ಬ್ರೌಸರ್ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಒಂದು ಇಡೀ ದೇಶಕ್ಕೆ ಇದೇ ಕೆಲಸ ಇಪ್ಪತ್ತು ವರ್ಷಗಳ ಮಾತಾಯಿತು!

ನಮ್ಮ ನೆರೆಮನೆಯಲ್ಲಿ ನಿವೃತ್ತ ಅಧಿಕಾರಿಗಳೊಬ್ಬರಿದ್ದಾರೆ. ಹೆಸರಿನ ಗೊಡವೆ ಬೇಡ. ಬೀದಿಯವರೆಲ್ಲ ಕರೆಯುವಂತೆ ನಾವೂ ಅವರನ್ನು ರಾಯರೆಂದೇ ಕರೆಯೋಣ. ಬೆಳಗಿನ ಕಾಫಿಯಾದ ಕೂಡಲೇ ಕಂಪ್ಯೂಟರಿನ ಮುಂದೆ ಕುಳಿತು, ಪರದೆಯ ಮೂಲೆಯಲ್ಲಿದ್ದ ನೀಲಿ ಬಣ್ಣದ ‘ಇ’ ಎಂಬ ಇಂಗ್ಲಿಷ್ ಅಕ್ಷರವನ್ನು ಒತ್ತಿ ಪತ್ರಿಕೆಗಳನ್ನು ಓದುವುದು, ಪಿಂಚಣಿಯ ಲೆಕ್ಕ ನೋಡುವುದು, ಅಮೆರಿಕದಲ್ಲಿರುವ ಮಗಳು ಸೇರಿಸಿಟ್ಟ ಮಕ್ಕಳ ಚಿತ್ರಗಳನ್ನು ನೋಡಿ ಸಂತೋಷಪಡುವುದು, ಇವು ಹನ್ನೆರಡು ವರ್ಷಗಳಿಂದ ತಪ್ಪದೆ ನಡೆದುಬಂದಿದ್ದ ಅವರ ಆಹ್ನಿಕ. ಆ ನೀಲಿ ಅಕ್ಷರದ ಹೆಸರೇ ಇಂಟರ್‌ನೆಟ್ ಎಂಬುದು ರಾಯರ ದೃಢವಾದ ನಂಬಿಕೆ.

2023ನೆಯ ಇಸವಿಯ ಫೆಬ್ರವರಿ ತಿಂಗಳ ಒಂದು ಬೆಳಿಗ್ಗೆ ಅವರು ಕಾಂಪೌಂಡಿನ ಆಚೆಯಿಂದಲೇ ನನ್ನನ್ನು ಕೂಗಿದರು.

“ಸ್ವಲ್ಪ ಬಂದು ನೋಡಿ ಸ್ವಾಮಿ, ನಮ್ಮ ಇಂಟರ್‌ನೆಟ್ಟು ಹೋಗಿಬಿಟ್ಟಿದೆ!”

ಹೋಗಿ ನೋಡಿದರೆ ಇಂಟರ್‌ನೆಟ್ ಸುಕ್ಷೇಮವಾಗಿಯೇ ಇತ್ತು. ಆದರೆ ರಾಯರು ತಮ್ಮ ‘ಇ’ಯನ್ನು ಒತ್ತಿದರೆ ಪರಿಚಯವಿಲ್ಲದ ಬೇರೊಂದು ಕಿಟಕಿ ತೆರೆದುಕೊಳ್ಳುತ್ತಿತ್ತು. ಆ ನೀಲಿ ಅಕ್ಷರದ ನಿಜನಾಮಧೇಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್. 1995ರಲ್ಲಿ ಹುಟ್ಟಿದ ಈ ಬ್ರೌಸರ್‌ಗೆ ಮೈಕ್ರೋಸಾಫ್ಟ್ ಸಂಸ್ಥೆಯವರು 2022ರ ಜೂನ್ 15ರಂದು ನಿವೃತ್ತಿ ಘೋಷಿಸಿ, ಮುಂದಿನ ಫೆಬ್ರವರಿಯಲ್ಲಿ ಮನೆಬಳಕೆಯ ಕಂಪ್ಯೂಟರುಗಳಲ್ಲಿ ಅದು ತೆರೆಯದಂತೆ ಮಾಡಿ, ಬಳಸುತ್ತಿದ್ದವರನ್ನೆಲ್ಲ ‘ಎಡ್ಜ್’ ಎಂಬ ಅದರ ಉತ್ತರಾಧಿಕಾರಿಯ ವಶಕ್ಕೆ ಒಪ್ಪಿಸಿದರು. ಇದರ ಮುನ್ಸೂಚನೆ ಒಂದು ವರ್ಷಕ್ಕೂ ಹಿಂದೆಯೇ ಹೊರಟಿತ್ತು. ಆದರೆ ನಮ್ಮ ರಾಯರು ಅಂಥ ಸೂಚನೆಗಳನ್ನು ಓದುವವರಲ್ಲ.

ಕಾಲೇಜಿಗೆ ಹೊರಟಿದ್ದ ಮೊಮ್ಮಗಳು ಬಾಗಿಲಲ್ಲೇ ನಿಂತು ನಕ್ಕಳು. “ತಾತ, ಹಳೆಯ ಮನೆಯ ಆಯುಸ್ಸು ಮುಗಿಯಿತು. ನಿಮ್ಮ ಸಾಮಾನೆಲ್ಲ ಪಕ್ಕದ ಮನೆಗೆ ಬಂದು ಸೇರಿದೆ. ಆದರೆ ಇಲ್ಲೇ ಇರಬೇಕು ಅಂತ ಯಾರೂ ಕಟ್ಟು ಹಾಕಿಲ್ಲ. ಊರಲ್ಲಿ ಇನ್ನೂ ನಾಲ್ಕು ಮನೆ ಇವೆ. ನೀವೇ ನೋಡಿ ಆರಿಸಿಕೊಳ್ಳಿ.”

ರಾಯರು ಅವಾಕ್ಕಾದರು. ಹೀಗೆ ಆರಿಸಿಕೊಳ್ಳುವ ಸ್ವಾತಂತ್ರ್ಯ ತಮಗೆ ಇದೆಯೆಂಬ ಸಂಗತಿಯೇ ಹನ್ನೆರಡು ವರ್ಷಗಳಲ್ಲಿ ಅವರ ಮನಸ್ಸಿಗೆ ಬಂದಿರಲಿಲ್ಲ. ಅವರೊಬ್ಬರೇ ಏಕೆ, ನಮ್ಮಲ್ಲಿ ಹೆಚ್ಚಿನವರ ಸ್ಥಿತಿಯೂ ಇದೇ ಅಲ್ಲವೆ?

ಕಾಗದ ಓದಿ ಹೇಳುವವನು

ಬ್ರೌಸರ್ ಎಂದರೇನು? ಹಿಂದೆ ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಾರದವರಿಗೆ ಪರಊರಿನಿಂದ ಕಾಗದ ಬಂದಾಗ, ಓದುಬರಹ ಬಲ್ಲ ಒಬ್ಬರು ಜಗಲಿಯ ಮೇಲೆ ಕುಳಿತು ಅದನ್ನು ಓದಿ ಹೇಳುತ್ತಿದ್ದರು. ಉತ್ತರ ಬರೆಯಬೇಕಾದರೂ ಅವರೇ ಆಗಬೇಕು. ಬ್ರೌಸರ್ ಮಾಡುವುದು ಹೆಚ್ಚುಕಡಿಮೆ ಇದೇ ಕೆಲಸ. ಜಾಲತಾಣದ ಪುಟಗಳು ತಮ್ಮದೇ ಒಂದು ಸಂಕೇತಭಾಷೆಯಲ್ಲಿ ಬರುತ್ತವೆ. ಬ್ರೌಸರ್ ಅವನ್ನು ತರಿಸಿಕೊಂಡು, ಬಿಡಿಸಿ, ಅಕ್ಷರ ಚಿತ್ರಗಳ ರೂಪದಲ್ಲಿ ನಮ್ಮ ಕಣ್ಣೆದುರು ಹರಡುತ್ತದೆ. ನಾವು ಬರೆದುದನ್ನು ಅತ್ತ ತಲುಪಿಸುತ್ತದೆ. ಅದು ಇಂಟರ್‌ನೆಟ್ ಅಲ್ಲ, ಗೂಗಲ್ ಹುಡುಕಾಟವೂ ಅಲ್ಲ. ಕಾಗದ ಬೇರೆ, ಓದಿ ಹೇಳುವವನು ಬೇರೆ.

ಈ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು. ಕಾಗದ ಓದಿ ಹೇಳುವವನಿಗೆ ಊರಿನ ಗುಟ್ಟೆಲ್ಲ ತಿಳಿದಿರುತ್ತಿತ್ತು. ಯಾರ ಮನೆಯಲ್ಲಿ ಸಾಲ, ಯಾರ ಮಗಳಿಗೆ ಸಂಬಂಧ ನೋಡುತ್ತಿದ್ದಾರೆ, ಯಾರಿಗೆ ಯಾವ ಕಾಯಿಲೆ, ಎಲ್ಲವೂ. ನಾವು ಯಾವ ವೈದ್ಯರ ಪುಟ ನೋಡಿದೆವು, ಯಾವ ಬ್ಯಾಂಕಿನಲ್ಲಿ ವ್ಯವಹಾರ ಇಟ್ಟಿದ್ದೇವೆ, ನಡುರಾತ್ರಿಯಲ್ಲಿ ಏನನ್ನು ಹುಡುಕಿದೆವು ಎಂಬುದು ಬ್ರೌಸರ್‌ನ ಮೂಲಕವೇ ಹಾದುಹೋಗುತ್ತದೆ. ಆದ್ದರಿಂದ ಆ ಸ್ಥಾನದಲ್ಲಿ ಯಾರನ್ನು ಕೂಡಿಸಿಕೊಳ್ಳಬೇಕೆಂಬುದು ಬರಿಯ ತಂತ್ರಜ್ಞರ ವಿಚಾರವಲ್ಲ, ಗೃಹಸ್ಥರ ವಿಚಾರವೂ ಹೌದು.

ಇಬ್ಬರ ಕಾಳಗ

ವಿಶ್ವವ್ಯಾಪಿ ಜಾಲವನ್ನು ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅವರೇ ಮೊತ್ತಮೊದಲ ಬ್ರೌಸರ್‌ನ ಕರ್ತೃಗಳು. ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ 1990ರ ಕೊನೆಗೆ ಅದು ಸಿದ್ಧವಾಯಿತು. ಆದರೆ ಜನಸಾಮಾನ್ಯರನ್ನು ಜಾಲದ ಕಡೆಗೆ ಸೆಳೆದದ್ದು 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ರಚಿಸಿದ ‘ಮೊಸಾಯಿಕ್’. ಮರುವರ್ಷವೇ ಆಂಡ್ರೀಸನ್ ಪಾಲುಗಾರರೊಡನೆ ಹೊಸ ಕಂಪನಿ ಕಟ್ಟಿ ‘ನೆಟ್‌ಸ್ಕೇಪ್ ನ್ಯಾವಿಗೇಟರ್’ ಎಂಬ ಬ್ರೌಸರನ್ನು ಹೊರತಂದರು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮದವರು ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ಸೌಕರ್ಯ ತೆರೆದಾಗ ಜಾಲಲೋಕದಲ್ಲಿ ನೆಟ್‌ಸ್ಕೇಪಿನದೇ ರಾಜ್ಯಭಾರ.

ಅದೇ ತಿಂಗಳಲ್ಲಿ ಮೈಕ್ರೋಸಾಫ್ಟ್‌ನವರು ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನು ಕಣಕ್ಕಿಳಿಸಿದರು. ಮುಂದೆ ಅದು ವಿಂಡೋಸ್‌ನ ಜೊತೆಯಲ್ಲೇ ಬರತೊಡಗಿತು. ಬೆಲೆಯಿಲ್ಲ, ಹುಡುಕುವ ಶ್ರಮವೂ ಇಲ್ಲ. ಕಂಪ್ಯೂಟರ್ ಕೊಂಡವನ ಪರದೆಯ ಮೇಲೆ ನೀಲಿಯ ‘ಇ’ ಮೊದಲೇ ಕುಳಿತಿರುತ್ತಿತ್ತು. ಎದುರಿಗೇ ಇರುವುದನ್ನು ಬಿಟ್ಟು ಇನ್ನೊಂದನ್ನು ಅರಸುವವರು ನೂರಕ್ಕೆ ಎಷ್ಟು ಮಂದಿ? ಈ ತಂತ್ರವನ್ನು ಪ್ರಶ್ನಿಸಿ ಅಮೆರಿಕದ ಸರ್ಕಾರವೇ 1998ರ ಮೇ ತಿಂಗಳಲ್ಲಿ ಮೊಕದ್ದಮೆ ಹೂಡಿತು. ಮೈಕ್ರೋಸಾಫ್ಟನ್ನು ಎರಡು ಹೋಳು ಮಾಡಬೇಕೆಂದು 2000ದಲ್ಲಿ ಕೆಳಗಿನ ನ್ಯಾಯಾಲಯ ತೀರ್ಪಿತ್ತಿತು. ಮೇಲಿನ ನ್ಯಾಯಾಲಯ 2001ರಲ್ಲಿ ಹೋಳು ಮಾಡುವ ಆಜ್ಞೆಯನ್ನು ರದ್ದುಪಡಿಸಿತಾದರೂ, ಏಕಸ್ವಾಮ್ಯವನ್ನು ಉಳಿಸಿಕೊಳ್ಳಲು ಕಾನೂನುಬಾಹಿರ ಮಾರ್ಗ ಹಿಡಿದದ್ದು ನಿಜವೆಂಬ ನಿರ್ಣಯವನ್ನು ಎತ್ತಿಹಿಡಿಯಿತು.

ಅಷ್ಟು ಹೊತ್ತಿಗೆ ಕಾಳಗ ಮುಗಿದೇಹೋಗಿತ್ತು. ನೆಟ್‌ಸ್ಕೇಪ್ ಬೇರೆಯವರಿಗೆ ಮಾರಾಟವಾಗಿತ್ತು. ಜಗತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಎಕ್ಸ್‌ಪ್ಲೋರರನ್ನೇ ಬಳಸುತ್ತಿದ್ದರು. ಎದುರಾಳಿಯಿಲ್ಲದ ಗರಡಿಯಲ್ಲಿ ಜಟ್ಟಿ ಮೈಗಳ್ಳನಾಗುವಂತೆ ಆಯಿತು. 2001ರಲ್ಲಿ ಆರನೆಯ ಆವೃತ್ತಿ ಬಂದಮೇಲೆ ಏಳನೆಯದು ಬರಲು ಐದು ವರ್ಷ ಹಿಡಿಯಿತು.

ನಾಯಕಿಯ ಕೋಟು

ಎಲ್ಲರೂ ಒಂದೇ ಬ್ರೌಸರನ್ನು ನೆಚ್ಚಿ ಕುಳಿತರೆ ಏನಾಗುವುದೆಂಬುದಕ್ಕೆ ದಕ್ಷಿಣ ಕೊರಿಯಾದ ಕಥೆಗಿಂತ ಉತ್ತಮ ನಿದರ್ಶನ ಬೇರೆ ಸಿಕ್ಕಲಾರದು.

1990ರ ದಶಕದ ಕೊನೆಯಲ್ಲಿ ಅಮೆರಿಕದವರು ಪ್ರಬಲವಾದ ಗೂಢಲಿಪಿ ತಂತ್ರವನ್ನು ಪರದೇಶಗಳಿಗೆ ಕೊಡಲು ನಿರ್ಬಂಧ ಹಾಕಿದ್ದರು. ಹೊರದೇಶಗಳಿಗೆ ಕಳಿಸುತ್ತಿದ್ದ ಬ್ರೌಸರ್‌ಗಳ ಬೀಗ ಅಷ್ಟು ಗಟ್ಟಿಯಾಗಿರಲಿಲ್ಲ. ಬ್ಯಾಂಕ್ ವ್ಯವಹಾರಕ್ಕೆ ಇದು ಸಾಲದೆಂದು ಕೊರಿಯಾದವರು 1998ರಲ್ಲಿ ‘ಸೀಡ್’ ಎಂಬ ತಮ್ಮದೇ ಬೀಗವನ್ನು ತಯಾರಿಸಿಕೊಂಡರು. ಮೆಚ್ಚತಕ್ಕ ಸಾಧನೆಯೇ ಸರಿ. ಆದರೆ ಯಾವ ಬ್ರೌಸರ್‌ನಲ್ಲೂ ಈ ಬೀಗ ಇರಲಿಲ್ಲವಾದ್ದರಿಂದ ಅದನ್ನು ಹೊರಗಿನಿಂದ ಜೋಡಿಸಬೇಕಾಯಿತು. ಆ ಜೋಡಣೆಗೆ ‘ಆಕ್ಟಿವ್‌ಎಕ್ಸ್’ ಎಂಬ ವಿಧಾನ ಆಧಾರವಾಯಿತು. ಅದು ಕೆಲಸ ಮಾಡುತ್ತಿದ್ದುದು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ. ಎಲ್ಲರ ಬಳಿಯೂ ಎಕ್ಸ್‌ಪ್ಲೋರರ್ ಇದ್ದುದರಿಂದ ಆಗ ಇದು ಯಾರಿಗೂ ತೊಡಕೆಂದು ತೋರಲಿಲ್ಲ.

ಅಮೆರಿಕದವರು 2000ದಲ್ಲಿ ನಿರ್ಬಂಧವನ್ನು ಸಡಿಲಿಸಿದರು. ಬೇನೆ ಹೋಯಿತು, ಆದರೆ ಮದ್ದು ಉಳಿಯಿತು! ಸರ್ಕಾರದ ನಿಯಮಗಳು, ಬ್ಯಾಂಕುಗಳು, ಅಂಗಡಿಗಳು, ಎಲ್ಲವೂ ಆ ಒಂದು ವ್ಯವಸ್ಥೆಗೆ ಅಂಟಿಕೊಂಡವು. ಬೇರೆ ಬ್ರೌಸರ್ ಹಿಡಿದವನಿಗೆ ಬ್ಯಾಂಕಿನ ಬಾಗಿಲು ತೆರೆಯದು. ಬೇರೆ ಬ್ರೌಸರ್ ಹಿಡಿದವರು ಕಡಿಮೆಯಾದ್ದರಿಂದ ಬ್ಯಾಂಕುಗಳಿಗೂ ಬದಲಾಗುವ ತುರ್ತಿಲ್ಲ. 2007ರಲ್ಲಿ ವಿಂಡೋಸ್ ವಿಸ್ತಾ ಬಂದು ಆಕ್ಟಿವ್‌ಎಕ್ಸ್‌ಗೆ ಕಟ್ಟುಪಾಡು ಹಾಕಿದಾಗ ಕೊರಿಯಾದಲ್ಲಿ ಬ್ಯಾಂಕುಗಳ ತಾಣಗಳು ತತ್ತರಿಸಿದವು. ಕಾನೂನಿನ ಪ್ರಾಧ್ಯಾಪಕರೊಬ್ಬರು ಈ ವ್ಯವಸ್ಥೆಯನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿದರೂ ಗೆಲ್ಲಲಾಗಲಿಲ್ಲ.

ಕೊನೆಗೆ ದೊರೆಗಳ ಕಿವಿಗೆ ಈ ದೂರನ್ನು ಮುಟ್ಟಿಸಿದ್ದು ಒಂದು ಕೋಟು! 2013-14ರಲ್ಲಿ ಪ್ರಸಾರವಾದ ‘ಮೈ ಲವ್ ಫ್ರಮ್ ದ ಸ್ಟಾರ್’ ಎಂಬ ಕೊರಿಯಾದ ಧಾರಾವಾಹಿ ಚೀನಾದಲ್ಲಿ ಮನೆಮಾತಾಯಿತು. ಅದರ ನಾಯಕಿ ತೊಟ್ಟ ಕೋಟಿನಂಥದೇ ತಮಗೂ ಬೇಕೆಂದು ಚೀನೀ ಅಭಿಮಾನಿಗಳು ಕೊರಿಯಾದ ಅಂಗಡಿಗಳ ತಾಣಗಳಿಗೆ ಮುತ್ತಿದರೆ, ಅಲ್ಲಿನ ದೃಢೀಕರಣದ ಜಂಜಾಟದಿಂದಾಗಿ ಹಣ ಕೈಯಲ್ಲಿದ್ದರೂ ಕೊಳ್ಳಲಾಗಲಿಲ್ಲ. 2014ರ ಮಾರ್ಚ್ ತಿಂಗಳ ಸಭೆಯೊಂದರಲ್ಲಿ ಆಗಿನ ಅಧ್ಯಕ್ಷೆ ಪಾರ್ಕ್ ಗ್ಯುನ್-ಹೇ ಅವರು ಈ ಕೋಟಿನ ಪ್ರಸಂಗವನ್ನೇ ಎತ್ತಿ ಆಡಿದರು. ಕಟ್ಟುಗಳು ಒಂದೊಂದಾಗಿ ಸಡಿಲಗೊಂಡು, ಹಳೆಯ ಸರ್ಕಾರಿ ಪ್ರಮಾಣಪತ್ರಕ್ಕಿದ್ದ ವಿಶೇಷ ಸ್ಥಾನ 2020ರ ಡಿಸೆಂಬರಿನಲ್ಲಿ ರದ್ದಾಯಿತು.

2022ರಲ್ಲಿ ಎಕ್ಸ್‌ಪ್ಲೋರರ್ ನಿವೃತ್ತವಾದಾಗ ಕೊರಿಯಾದ ಇಂಜಿನಿಯರೊಬ್ಬರು ತಮ್ಮ ಕೈಯಿಂದ 4,30,000 ವಾನ್ ಖರ್ಚುಮಾಡಿ, ಗ್ಯೊಂಗ್ಜು ನಗರದ ಕಾಫಿಗೃಹವೊಂದರಲ್ಲಿ ಅದಕ್ಕೊಂದು ಸಮಾಧಿಶಿಲೆ ನಿಲ್ಲಿಸಿದರು. ಬೇರೆ ಬ್ರೌಸರ್‌ಗಳನ್ನು ಇಳಿಸಿಕೊಳ್ಳಲು ಇದು ಒಳ್ಳೆಯ ಸಾಧನವಾಗಿತ್ತು ಎಂಬ ಅರ್ಥದ ಮಾತನ್ನು ಅದರ ಮೇಲೆ ಕೆತ್ತಿಸಿದ್ದರು!

ಕನ್ನಡ ಕಾಣದಿದ್ದ ಕಾಲ

ನಾವು ನಗುವಂತಿಲ್ಲ. ಕನ್ನಡ ಓದುಗರಿಗೂ ಈ ಬಗೆಯ ಅನುಭವ ಸ್ವಲ್ಪ ಮಟ್ಟಿಗೆ ಆಗಿದೆ. ಆಗಿನ ದಿನಗಳಲ್ಲಿ ಭಾರತೀಯ ಭಾಷೆಗಳ ಅನೇಕ ತಾಣಗಳು ತಮ್ಮ ತಮ್ಮ ಅಕ್ಷರವಿನ್ಯಾಸಗಳನ್ನು ಬೇರೆ ಬೇರೆ ಸಂಕೇತಗಳಲ್ಲಿ ಬಳಸುತ್ತಿದ್ದವು. ಆ ತಾಣದ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪುಟ ತೆರೆದರೆ ಕನ್ನಡಕ್ಕೆ ಬದಲಾಗಿ ಅರ್ಥವಾಗದ ಚಿಹ್ನೆಗಳ ಸಂತೆ. ಪುಟದ ಜೊತೆಗೇ ಫಾಂಟನ್ನೂ ಕಳಿಸುವ ಒಂದು ಉಪಾಯವನ್ನು ಮೈಕ್ರೋಸಾಫ್ಟ್‌ನವರು ಹೂಡಿದ್ದರು. ಅದೂ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಹೀಗಾಗಿ ಬೇರೆ ಬ್ರೌಸರ್ ಹಿಡಿದ ಕನ್ನಡಿಗನಿಗೆ ತನ್ನ ಭಾಷೆಯ ಪುಟವೇ ಅನೇಕ ವೇಳೆ ಪರಭಾಷೆಯಾಗಿಬಿಡುತ್ತಿತ್ತು.

ಈ ಬಂಧನದಿಂದ ಬಿಡಿಸಿದ್ದು ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತವ್ಯವಸ್ಥೆ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಜೊತೆಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟ್ ಬಂದಿತು. ತಾಣಗಳು ಕ್ರಮೇಣ ಯೂನಿಕೋಡಿಗೆ ಬದಲಾದ ಮೇಲೆ ಕನ್ನಡ ಎಲ್ಲ ಬ್ರೌಸರ್‌ಗಳ ಸ್ವತ್ತಾಯಿತು. ಇಂದು ನಾವು ಯಾವ ಬ್ರೌಸರನ್ನು ಹಿಡಿದರೂ ಕನ್ನಡ ಓದಬಲ್ಲೆವೆಂಬುದು ಈ ಎಲ್ಲರಿಗೂ ಸಮಾನವಾದ ಕಟ್ಟಳೆಯ ಫಲ.

ಜನ ಎದ್ದ ಸಂದರ್ಭ

ಇತ್ತ ನೆಟ್‌ಸ್ಕೇಪ್ ಸಾಯುವ ಮುನ್ನ ಒಂದು ಉಪಕಾರ ಮಾಡಿತ್ತು. ತನ್ನ ಬ್ರೌಸರ್‌ನ ಮೂಲಬರಹವನ್ನು ಎಲ್ಲರಿಗೂ ಬಿಟ್ಟುಕೊಡುವುದಾಗಿ 1998ರ ಜನವರಿಯಲ್ಲಿ ಸಾರಿತು. ಆ ಬೂದಿಯಿಂದ ‘ಮೊಜಿಲ್ಲಾ’ ಎಂಬ ಸಂಘಟನೆ ಎದ್ದು, 2004ರ ನವೆಂಬರ್ 9ರಂದು ‘ಫೈರ್‌ಫಾಕ್ಸ್’ ಬ್ರೌಸರ್‌ನ ಮೊದಲ ಆವೃತ್ತಿಯನ್ನು ಹೊರತಂದಿತು. ಅದರ ಜಾಹೀರಾತಿನ ಸಂಗತಿ ಸ್ವಾರಸ್ಯವಾದದ್ದು. ಬಳಕೆದಾರರೇ ಚಂದಾ ಕೂಡಿಸಿ ಆ ವರ್ಷದ ಡಿಸೆಂಬರ್ 16ರ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಎರಡು ಪೂರ್ಣ ಪುಟಗಳನ್ನು ಕೊಂಡರು. ಹಣ ಕೊಟ್ಟ ಸುಮಾರು 10,000 ಮಂದಿಯ ಹೆಸರುಗಳೂ ಅಲ್ಲಿ ಅಚ್ಚಾದವು. ಒಂದು ವರ್ಷ ತುಂಬುವ ಮುನ್ನವೇ ಫೈರ್‌ಫಾಕ್ಸ್ ಇಳಿಸಿಕೊಂಡವರ ಎಣಿಕೆ ಹತ್ತು ಕೋಟಿ ಮುಟ್ಟಿತು.

ನ್ಯಾಯಾಲಯಗಳಿಂದ ಆಗದ ಕೆಲಸ ಇದರಿಂದ ಆಯಿತು. 2006ರಲ್ಲಿ ಮೈಕ್ರೋಸಾಫ್ಟ್‌ನವರು ಏಳನೆಯ ಆವೃತ್ತಿಯನ್ನು ಹೊರತಂದರು. ತಾಣಗಳನ್ನು ಕಟ್ಟುವವರೂ ಎಲ್ಲ ಬ್ರೌಸರ್‌ಗಳಿಗೆ ಹೊಂದುವಂತೆ ಬರೆಯತೊಡಗಿದರು. ಯಾವ ಗೃಹಸ್ಥನೂ ಜಗತ್ತನ್ನು ತಿದ್ದುತ್ತೇನೆಂದು ಹೊರಟಿರಲಿಲ್ಲ. ತನ್ನ ಪರದೆಯ ಮೇಲಿನ ಒಂದು ಚಿಹ್ನೆಯನ್ನು ಬದಲಾಯಿಸಿದ್ದ, ಅಷ್ಟೆ.

ಮತ್ತೆ ಅದೇ ಹಾದಿಯೆ?

2008ರ ಸೆಪ್ಟೆಂಬರ್ 2ರಂದು ಗೂಗಲ್ ಸಂಸ್ಥೆಯ ‘ಕ್ರೋಮ್’ ಬಂದಿತು. ಆ ಕಾರ್ಯದ ಮುಂದಾಳುಗಳಲ್ಲಿ ಒಬ್ಬರು ಚೆನ್ನೈನಲ್ಲಿ ಬೆಳೆದ ಸುಂದರ್ ಪಿಚೈ. ಕ್ರೋಮ್ ತನ್ನ ಯೋಗ್ಯತೆಯಿಂದಲೇ ಜನಮನ್ನಣೆ ಗಳಿಸಿತೆಂದು ಹೇಳುವುದು ನ್ಯಾಯ. ಅದು ಚುರುಕಾಗಿತ್ತು, ಒಂದು ಪುಟ ಕೆಟ್ಟು ನಿಂತರೆ ಉಳಿದ ಪುಟಗಳು ಕೆಡದಂತೆ ಅವನ್ನು ಬೇರೆ ಬೇರೆಯಾಗಿ ನಡೆಸುತ್ತಿತ್ತು, ತನ್ನನ್ನು ತಾನೇ ಸದ್ದಿಲ್ಲದೆ ನವೀಕರಿಸಿಕೊಳ್ಳುತ್ತಿತ್ತು. ಆಂಡ್ರಾಯ್ಡ್ ಮೊಬೈಲುಗಳ ಜೊತೆಯಲ್ಲಿಯೂ ಬಂದುದರಿಂದ ಅದರ ವ್ಯಾಪ್ತಿ ಮನೆಮನೆಯನ್ನೂ ಮುಟ್ಟಿತು. ಇಂದು ಜಗತ್ತಿನ ಬಳಕೆಯಲ್ಲಿ ಸುಮಾರು ಮೂರನೆಯ ಎರಡು ಭಾಗ ಕ್ರೋಮ್‌ನದು. ಭಾರತದಲ್ಲಿ ಇನ್ನೂ ಹೆಚ್ಚು.

ಹೆಸರು ಬೇರೆಯಾದರೂ ಒಡಲು ಒಂದೇ ಆಗಿರುವ ಬ್ರೌಸರ್‌ಗಳೂ ಉಂಟು. ಪುಟವನ್ನು ಬಿಡಿಸಿ ತೋರಿಸುವ ಒಳಯಂತ್ರಕ್ಕೆ ಎಂಜಿನ್ ಎನ್ನುತ್ತಾರೆ. ಎಡ್ಜ್, ಒಪೆರಾ, ಬ್ರೇವ್, ವಿವಾಲ್ಡಿ, ನಮ್ಮ ದೇಶದ ಜೋಹೋ ಸಂಸ್ಥೆಯ ‘ಉಲಾ’, ಇವೆಲ್ಲದರ ಒಳಗೂ ಕ್ರೋಮ್‌ನ ಎಂಜಿನ್ನೇ ಇದೆ. ಬೇರೆ ಎಂಜಿನ್ ಉಳ್ಳ ಪ್ರಮುಖ ಬ್ರೌಸರ್‌ಗಳು ಎರಡೇ: ಆಪಲ್ ಸಂಸ್ಥೆಯ ‘ಸಫಾರಿ’ ಮತ್ತು ಫೈರ್‌ಫಾಕ್ಸ್. ಆ ಫೈರ್‌ಫಾಕ್ಸ್‌ನ ವರಮಾನದ ಬಹುಪಾಲು ಬರುವುದೂ ಗೂಗಲ್‌ನೊಡನೆ ಮಾಡಿಕೊಂಡ ಹುಡುಕಾಟದ ಒಪ್ಪಂದದಿಂದಲೇ ಎಂಬುದು ವಿಚಿತ್ರವಾದರೂ ಸತ್ಯ.

ಸರ್ಕಾರಗಳು ಕೈಕಟ್ಟಿ ಕುಳಿತಿಲ್ಲ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ತನ್ನ ಸಾಧನಗಳನ್ನು ಕಡ್ಡಾಯವಾಗಿ ಕೂಡಿಸಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿಗಳ ದಂಡ ವಿಧಿಸಿತು. ಯೂರೋಪಿನಲ್ಲಿ 2024ರ ಮಾರ್ಚ್‌ನಿಂದ ಐಫೋನುಗಳಲ್ಲಿ ಬ್ರೌಸರ್‌ಗಳ ಪಟ್ಟಿಯನ್ನೇ ಮುಂದಿಟ್ಟು ಆರಿಸಿಕೊಳ್ಳಿರೆಂದು ಕೇಳಲಾಗುತ್ತಿದೆ. ಅಮೆರಿಕದಲ್ಲಿ ಕ್ರೋಮನ್ನು ಮಾರಿಬಿಡುವಂತೆ ಗೂಗಲ್‌ಗೆ ಆಜ್ಞಾಪಿಸಬೇಕೆಂಬ ಸರ್ಕಾರದ ಬೇಡಿಕೆಯನ್ನು 2025ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರು ಒಪ್ಪಲಿಲ್ಲ. ಕೊನೆಗೂ ಆಯ್ಕೆಯ ಭಾರ ಬಳಸುವವರ ಹೆಗಲ ಮೇಲೆಯೇ ಉಳಿಯಿತೆನ್ನಬೇಕು.

ಆಯ್ಕೆಯಿಂದ ವ್ಯತ್ಯಾಸವೇನಾದರೂ ಆಗುವುದೆ? ಆಗುತ್ತದೆ. ಒಂದು ಉದಾಹರಣೆ ಸಾಕು. ನಾವು ಒಂದು ತಾಣದಲ್ಲಿ ಸೀರೆ ನೋಡಿದರೆ ಮತ್ತೆಲ್ಲೋ ಸುದ್ದಿ ಓದುವಾಗ ಅದೇ ಸೀರೆಯ ಜಾಹೀರಾತು ಬೆನ್ನಟ್ಟಿ ಬರುವುದನ್ನು ಎಲ್ಲರೂ ಕಂಡಿದ್ದೇವೆ. ‘ಕುಕಿ’ಗಳೆಂಬ ಗುರುತುಚೀಟಿಗಳನ್ನು ಹೊರಗಿನವರು ನಮ್ಮ ಬ್ರೌಸರ್‌ನಲ್ಲಿ ಇಟ್ಟುಹೋಗುವುದು ಇದರ ಒಂದು ಕಾರಣ. ಇಂಥ ಹೊರಗಿನವರ ಕುಕಿಗಳನ್ನು ಸಫಾರಿ 2020ರಿಂದ ಪೂರ್ತಿಯಾಗಿ ತಡೆಯುತ್ತಿದೆ. ಒಂದು ತಾಣದಲ್ಲಿ ಇಟ್ಟ ಚೀಟಿಯನ್ನು ಇನ್ನೊಂದರಲ್ಲಿ ಓದಲಾಗದಂತೆ ಫೈರ್‌ಫಾಕ್ಸ್ 2022ರಿಂದ ಎಲ್ಲರಿಗೂ ಏರ್ಪಾಡು ಮಾಡಿದೆ. ಕ್ರೋಮ್‌ನಲ್ಲಿ ಅವನ್ನು ತೆಗೆದುಹಾಕುವುದಾಗಿ 2020ರಲ್ಲಿ ಗೂಗಲ್ ಹೇಳಿತ್ತಾದರೂ 2024ರಲ್ಲಿ ಆ ಯೋಚನೆಯನ್ನು ಕೈಬಿಟ್ಟಿತು; ಬೇಡವಾದವರು ತಾವೇ ಸೆಟ್ಟಿಂಗ್ಸ್‌ನಲ್ಲಿ ತಡೆಹಾಕಿಕೊಳ್ಳಬೇಕು.

ಸಾಮಾನು ಸಾಗಿಸುವ ಕ್ರಮ

ಮತ್ತೆ ರಾಯರ ಮನೆಗೆ ಬರೋಣ. ಅವರು ನಾಲ್ಕು ದಿನ ಯೋಚಿಸಿ ಫೈರ್‌ಫಾಕ್ಸ್ ಆಗಲೆಂದರು. ಅದರ ಆಜ್ಞೆಗಳೆಲ್ಲ ಕನ್ನಡದಲ್ಲಿಯೂ ದೊರೆಯುತ್ತವೆ ಎಂಬುದೇ ಅವರಿಗೆ ಹಿಡಿಸಿದ ಮುಖ್ಯ ಕಾರಣ. ಆದರೆ ಒಂದು ಭಯ ಕಾಡುತ್ತಿತ್ತು. “ಹನ್ನೆರಡು ವರ್ಷದಿಂದ ಗುರುತು ಹಾಕಿಟ್ಟುಕೊಂಡ ಪುಟಗಳೆಲ್ಲ ಹೋಗಿಬಿಟ್ಟರೆ? ಮಗಳು ಹಾಕಿರುವ ಫೋಟೋಗಳ ಜಾಗ ನನಗೆ ಬೇರೆ ಹೇಗೂ ಸಿಕ್ಕುವುದಿಲ್ಲ.” ಬದಲಾವಣೆಗೆ ಹಿಂಜರಿಯುವ ಎಲ್ಲರ ಅಂತರಂಗದ ಅಳುಕು ಇದೇ. ಆ ಭಾನುವಾರ ಮೊಮ್ಮಗಳು ಮಾಡಿದ ಕ್ರಮವನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ನಿರೂಪಿಸುತ್ತೇನೆ.

ಮೊದಲನೆಯದಾಗಿ, ಹೊಸ ಬ್ರೌಸರನ್ನು ಅದರ ತಯಾರಕರ ಸ್ವಂತ ತಾಣದಿಂದ, ಮೊಬೈಲಿನಲ್ಲಾದರೆ ಅಧಿಕೃತ ಆ್ಯಪ್ ಅಂಗಡಿಯಿಂದ ಮಾತ್ರ ಇಳಿಸಿಕೊಳ್ಳತಕ್ಕದ್ದು. ಯಾವುದೋ ಪುಟ ಓದುತ್ತಿರುವಾಗ ‘ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ’ ಎಂದು ಎದುರಾಗುವ ಫಲಕಗಳನ್ನು ನಂಬಬಾರದು. ಆ ವೇಷದಲ್ಲಿ ಬರುವ ಕಳ್ಳರು ಬಹಳ.

ಎರಡನೆಯದಾಗಿ, ಹಳೆಯದನ್ನು ತೆಗೆದುಹಾಕಬಾರದು. ಹೊಸದರಲ್ಲಿ ‘ಇಂಪೋರ್ಟ್’ ಎಂಬ ಆಯ್ಕೆಯನ್ನು ಒತ್ತಿ ಹಳೆಯ ಬ್ರೌಸರ್‌ನ ಹೆಸರು ತೋರಿಸಿದರೆ, ಬುಕ್‌ಮಾರ್ಕ್ ಎನ್ನುವ ಪುಟಗುರುತುಗಳು, ನೋಡಿದ ಪುಟಗಳ ಚರಿತ್ರೆ ಮೊದಲಾದವು ಕೆಲವು ನಿಮಿಷಗಳಲ್ಲಿ ಬಂದು ಸೇರುತ್ತವೆ.

ಮೂರನೆಯದು ಪಾಸ್‌ವರ್ಡ್‌ಗಳ ವಿಚಾರ. ಅವು ಕೆಲವೊಮ್ಮೆ ನೇರವಾಗಿ ಬರುವುದಿಲ್ಲ. ಆಗ ಹಳೆಯ ಬ್ರೌಸರ್‌ನಿಂದ ಒಂದು ಕಡತವಾಗಿ ಇಳಿಸಿ ಹೊಸದಕ್ಕೆ ಸೇರಿಸಬೇಕು. ಈ ಕಡತದಲ್ಲಿ ಗುಟ್ಟುಗಳೆಲ್ಲ ಯಾವ ಮುಸುಕೂ ಇಲ್ಲದೆ ತೆರೆದ ಅಕ್ಷರದಲ್ಲಿರುತ್ತವೆ! ಕೆಲಸವಾದ ತಕ್ಷಣ ಅದನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿಮಾಡಬೇಕು. ಯಾರಿಗೂ ಇಮೇಲ್‌ನಲ್ಲಾಗಲಿ ವಾಟ್ಸ್‌ಆ್ಯಪ್‌ನಲ್ಲಾಗಲಿ ಕಳಿಸಕೂಡದು. ಸೈಬರ್ ಕೇಂದ್ರದ ಕಂಪ್ಯೂಟರಿನಲ್ಲಿ ಈ ಕೆಲಸಕ್ಕೆ ಕೈಹಾಕಲೇಬಾರದು.

ನಾಲ್ಕನೆಯದಾಗಿ, ಬಾರದೆ ಉಳಿಯುವ ವಸ್ತುಗಳೂ ಉಂಟೆಂದು ಮೊದಲೇ ತಿಳಿದಿರಬೇಕು. ತಾಣಗಳಿಗೆಲ್ಲ ಹೊಸದಾಗಿ ಲಾಗಿನ್ ಆಗಬೇಕಾಗುತ್ತದೆ. ಬ್ಯಾಂಕಿನವರು ಹೊಸಬರೆಂದು ಭಾವಿಸಿ ಮೊಬೈಲಿಗೆ ಒಟಿಪಿ ಕಳಿಸುತ್ತಾರೆ. ನೋಂದಾಯಿಸಿದ ಮೊಬೈಲ್ ಕೈಯಲ್ಲಿರುವಾಗಲೇ ಈ ಕೆಲಸಕ್ಕೆ ಕೂಡುವುದು ಕ್ಷೇಮ.

ಕೊನೆಯದಾಗಿ, ಕಂಪ್ಯೂಟರಿನ ಅಥವಾ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ‘ಡೀಫಾಲ್ಟ್ ಆ್ಯಪ್ಸ್’ ಎಂಬ ಭಾಗಕ್ಕೆ ಹೋಗಿ ಹೊಸ ಬ್ರೌಸರ್‌ನ ಹೆಸರನ್ನು ಗೊತ್ತುಮಾಡಬೇಕು. ಇದನ್ನು ಮರೆತರೆ ಇಮೇಲ್‌ನಲ್ಲಿ ಬಂದ ಕೊಂಡಿಯನ್ನು ಒತ್ತಿದಾಗಲೆಲ್ಲ ಹಳೆಯದೇ ತೆರೆದು, ಒಂದು ವಾರದಲ್ಲಿ ಮನುಷ್ಯ ಹಳೆಯ ಮನೆಗೇ ಮರಳಿರುತ್ತಾನೆ. ಐಫೋನಿನಲ್ಲಿಯೂ 2020ರಿಂದ ಈ ಸೌಲಭ್ಯವುಂಟು. ಆದರೆ ಯೂರೋಪಿನಂಥ ಕೆಲವು ಕಡೆಗಳನ್ನು ಬಿಟ್ಟರೆ ಅಲ್ಲಿ ಎಲ್ಲ ಬ್ರೌಸರ್‌ಗಳೂ ಸಫಾರಿಯ ಎಂಜಿನ್ನಿನ ಮೇಲೆಯೇ ನಡೆಯುತ್ತವೆ.

ಎರಡು ವಾರಗಳವರೆಗೆ ಎರಡನ್ನೂ ಇಟ್ಟುಕೊಂಡಿರುವುದು ವಿವೇಕ. ರಾಯರಿಗೂ ಒಂದು ಕಚೇರಿಯ ತಾಣ ಹೊಸ ಬ್ರೌಸರ್‌ನಲ್ಲಿ ತೆರೆಯದೆ ಹಟ ಹಿಡಿಯಿತು. ಮೊಮ್ಮಗಳು ಅದೊಂದಕ್ಕೆ ಹಿಂದಿನ ಬ್ರೌಸರನ್ನೇ ಬಳಸಿಕೊಟ್ಟು, ಆ ಕಚೇರಿಗೆ ತಾತನ ಹೆಸರಿನಲ್ಲಿ ಒಂದು ದೂರನ್ನೂ ಬರೆದು ಕಳಿಸಿದಳು. ಕೊರಿಯಾದ ಕಥೆಯನ್ನು ಬಲ್ಲವರು ಇಂಥ ದೂರನ್ನು ಸಣ್ಣದೆಂದು ಎಣಿಸಲಾರರು.

ಸತ್ತವರ ರುಜು

ಅಂದು ಸಂಜೆ ಒಂದು ಸೋಜಿಗ ಕಾದಿತ್ತು. ರಾಯರ ಪುಟಗುರುತುಗಳ ಒಂದು ಪ್ರತಿಯನ್ನು ಬೇರೆಯಾಗಿ ಕಾದಿಡಲೆಂದು ಮೊಮ್ಮಗಳು ಅವನ್ನು ಕಡತಕ್ಕೆ ಇಳಿಸಿದ್ದಳು. ಲೆಕ್ಕಪತ್ರಗಳನ್ನು ಪರೀಕ್ಷಿಸಿಯೇ ಆಯುಸ್ಸು ಸವೆಸಿದ ರಾಯರು ಬಿಡುವರೆ? ಅದನ್ನು ತೆರೆಸಿ ಮೊದಲ ಸಾಲಿನಿಂದ ಓದಲಾರಂಭಿಸಿದರು.

“ನೆಟ್‌ಸ್ಕೇಪ್ ಅಂತ ಇದೆಯಲ್ಲ! ನಾನು ಅದನ್ನು ಯಾವತ್ತೂ ಬಳಸಿದವನೇ ಅಲ್ಲ.”

ನಿಜ. ನೆಟ್‌ಸ್ಕೇಪಿಗೆ ಒಡೆಯರು ಕೊಡುತ್ತಿದ್ದ ಆಸರೆ 2008ರ ಮಾರ್ಚ್ 1ರಂದೇ ನಿಂತುಹೋಯಿತು. ಆದರೆ ಪುಟಗುರುತುಗಳನ್ನು ಬರೆದಿಡಲು ಅದು ಹಾಕಿಕೊಟ್ಟ ಪದ್ಧತಿಯನ್ನೇ ಅದನ್ನು ಸೋಲಿಸಿದ ಎಕ್ಸ್‌ಪ್ಲೋರರ್, ಆಮೇಲೆ ಬಂದ ಕ್ರೋಮ್, ಫೈರ್‌ಫಾಕ್ಸ್ ಎಲ್ಲವೂ ಅನುಸರಿಸಿದವು. ಇವತ್ತಿಗೂ ಅಂಥ ಕಡತದ ತಲೆಬರಹದಲ್ಲಿ ನೆಟ್‌ಸ್ಕೇಪಿನ ಹೆಸರಿರುತ್ತದೆ. ಪ್ರತಿಯೊಂದು ತಾಣದ ಬಾಗಿಲಲ್ಲಿ ತನ್ನ ಗುರುತು ಹೇಳಿಕೊಳ್ಳುವಾಗಲೂ ಈ ಬ್ರೌಸರ್‌ಗಳು ‘ಮೊಜಿಲ್ಲಾ’ ಎಂದೇ ಮಾತು ತೆಗೆಯುತ್ತವೆ; ಅದು ನೆಟ್‌ಸ್ಕೇಪಿಗೆ ಅದನ್ನು ಕಟ್ಟಿದವರು ಇಟ್ಟಿದ್ದ ಮುದ್ದಿನ ಹೆಸರು. ನೆಟ್‌ಸ್ಕೇಪಿಗಾಗಿ ಸಿದ್ಧಪಡಿಸಿದ ಪುಟಗಳು ತಮಗೂ ದೊರೆಯಲೆಂದು ಉಳಿದವರು ಆ ಹೆಸರನ್ನು ಎರವಲು ಪಡೆದಿದ್ದರು. ಅದು ಹಾಗೆಯೇ ನಿಂತುಬಿಟ್ಟಿತು.

ಗೆದ್ದವರು ಸೋತವರ ಪದ್ಧತಿಯನ್ನು ಉಳಿಸಿಕೊಂಡದ್ದರಿಂದಲೇ ರಾಯರ ಹನ್ನೆರಡು ವರ್ಷಗಳ ಗಂಟು ಅಂದು ಒಂದು ಎಳೆಯೂ ಹರಿಯದೆ ಹೊಸ ಮನೆ ಸೇರಿತು. ಮಗಳು ಇಟ್ಟ ಚಿತ್ರಗಳ ಗುರುತು ಪಟ್ಟಿಯ ನಡುವೆ ಎಂದಿನ ಜಾಗದಲ್ಲೇ ಇತ್ತು. ರಾಯರು ಅದನ್ನು ಒತ್ತಿದರು. ಮೊಮ್ಮಕ್ಕಳು ಪರದೆಯ ತುಂಬ ನಕ್ಕರು.

ಅವರ ಮನೆಯವರು ಕಾಫಿ ತಂದಿಟ್ಟು, “ಅಂತೂ ನಿಮ್ಮ ಇಂಟರ್‌ನೆಟ್ಟು ವಾಪಸು ಬಂತೇ?” ಎಂದು ಕೇಳಿದರು.

“ಅದು ಹೋಗಿಯೇ ಇರಲಿಲ್ಲ ಕಣೇ,” ಎಂದರು ರಾಯರು. “ಇಷ್ಟು ವರ್ಷ ನಾನು ಕಾಗದ ಓದಿ ಹೇಳುವವನನ್ನೇ ಕಾಗದ ಅಂದುಕೊಂಡಿದ್ದೆ.”